ಕಲಿಸುವವರು ಕಲಿಯುವುದು ಯಾವಾಗ?

(ಪದವಿ ಕಾಲೇಜು ಅಧ್ಯಾಪಕರು ಮತ್ತು ಹೆತ್ತವರ ಸಮಾವೇಶವೊಂದರಲ್ಲಿ ನಿವೃತ್ತ ವಾಣಿಜ್ಯಶಾಸ್ತ್ರ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಮಕ್ಕಳ ಶಿಕ್ಷಣದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕರೆದಿದ್ದಾರೆ. ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ಮಕ್ಕಳು ಓದುತ್ತಿಲ್ಲ, ಮೊಬೈಲ್ ಹಿಡಿದು ಕುಳಿತಿರುತ್ತಾರೆ, ಹೆತ್ತವರು ಗಮನ ಕೊಡುವುದಿಲ್ಲ ಎಂಬ ಮಾತುಗಳೇ ಕೇಳಿ ಬರುತ್ತವೆ. ನಾನು ಇಂದು ಅದರ ಬಗ್ಗೆ ಮಾತನಾಡುವುದಿಲ್ಲ. ಮೂವತ್ತು ವರ್ಷಗಳ ಕಾಲ ತರಗತಿಯಲ್ಲಿ ನಿಂತವನಾದ ನನ್ನ ಬಗ್ಗೆ ಮತ್ತು ನನ್ನಂತಹವರ ಬಗ್ಗೆ ಮಾತನಾಡುತ್ತೇನೆ. ನನ್ನ ಮುಂದೆ ಕುಳಿತಿರುವ ಅಧ್ಯಾಪಕ ಮಿತ್ರರು ಕ್ಷಮಿಸಬೇಕು.

1994ರ ಸುಮಾರಿಗೆ ನನ್ನ ಪ್ರಥಮ ಬಿ.ಕಾಂ. ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಹತ್ತನೇ ತರಗತಿಯ ತನಕ ಉರ್ದು ಮಾಧ್ಯಮದಲ್ಲಿ ಓದಿ ಬಂದವಳು. ತಂದೆಗೆ ಸೈಕಲ್ ರಿಪೇರಿ ಅಂಗಡಿ. ಆ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಆಕೆ. ಲೆಕ್ಕಶಾಸ್ತ್ರದ ಪಾಠ ಶುರುವಾಗಿ ಒಂದು ತಿಂಗಳಾಗಿತ್ತು. ಒಂದು ದಿನ ಆಕೆ ಎದ್ದು ನಿಂತು, “ಸರ್, ಡೆಬಿಟ್ ಎಂದರೆ ಬರುವುದಾ, ಹೋಗುವುದಾ?” ಎಂದು ಕೇಳಿದಳು. “ಒಂದು ತಿಂಗಳಿಂದ ಅದನ್ನೇ ಹೇಳುತ್ತಿದ್ದೇನೆ, ಇಷ್ಟು ದಿನ ಎಲ್ಲಿದ್ದೆ?” ಎಂದೆ. ತರಗತಿ ನಕ್ಕಿತು. ನಾನೂ ನಕ್ಕೆ. ಆಕೆ ಕುಳಿತಳು. ಮುಂದೆ ಆ ವರ್ಷವಿಡೀ ಆಕೆ ಏನನ್ನೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಎರಡು ವಿಷಯಗಳಲ್ಲಿ ಅನುತ್ತೀರ್ಣಳಾದಳು. ಜೂನ್ ತಿಂಗಳಲ್ಲಿ ತಂದೆ ಟಿ.ಸಿ. ಪಡೆಯಲು ಬಂದರು. “ನಮ್ಮ ಹುಡುಗಿಗೆ ತಲೆ ಓಡುವುದಿಲ್ಲ ಸಾರ್, ಒಳ್ಳೆಯ ಸಂಬಂಧ ಬಂದಿದೆ” ಎಂದರು. ನಾನು ಸುಮ್ಮನಿದ್ದೆ. ಹುಡುಗಿಗೆ ತಲೆ ಓಡುವುದಿಲ್ಲ ಎಂಬುದನ್ನು ನಾನೂ ನಂಬಿದ್ದೆ.

ಅನೇಕ ವರ್ಷಗಳ ನಂತರ ನನಗೆ ಅರಿವಾದದ್ದು ಏನೆಂದರೆ, ಆ ತರಗತಿಯಲ್ಲಿ ಆ ವರ್ಷ ಕೇಳಲಾದ ಅತ್ಯುತ್ತಮ ಪ್ರಶ್ನೆ ಅದೇ ಆಗಿತ್ತು. ಹೆತ್ತವರಲ್ಲಿ ವ್ಯಾಪಾರಿಗಳು ಬಹಳ ಮಂದಿ ಇದ್ದೀರಿ, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಅಂಗಡಿಯ ನಗದು ಪುಸ್ತಕದಲ್ಲಿ ಹಣ ಬಂದರೆ ಡೆಬಿಟ್ ಕಡೆಗೆ ಬರೆಯುತ್ತೇವೆ. ಆದರೆ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹಣ ಹೋದರೆ ಡೆಬಿಟ್ ಎಂದು ಬರೆದಿರುತ್ತದೆ. ಹಾಗಾದರೆ ಡೆಬಿಟ್ ಎಂದರೆ ಬರುವುದೋ, ಹೋಗುವುದೋ? ಉತ್ತರ ಸರಳವಾಗಿದೆ. ಪಾಸ್‌ಬುಕ್ ನಮ್ಮ ಲೆಕ್ಕವಲ್ಲ, ಬ್ಯಾಂಕಿನ ಲೆಕ್ಕ. ನಾವು ಇಟ್ಟ ಹಣ ನಮಗೆ ಆಸ್ತಿ, ಬ್ಯಾಂಕಿಗೆ ಸಾಲ. ಆದ್ದರಿಂದ ಒಂದೇ ವ್ಯವಹಾರ ಎರಡು ಪುಸ್ತಕಗಳಲ್ಲಿ ಎದುರುಬದುರು ಬದಿಗಳಲ್ಲಿ ದಾಖಲಾಗುತ್ತದೆ. ಇದನ್ನು ಹೇಳಲು ಹತ್ತು ನಿಮಿಷ ಸಾಕಿತ್ತು. ಹೇಳಿದ್ದರೆ ನಕ್ಕವರಿಗೂ ಉಪಕಾರವಾಗುತ್ತಿತ್ತು, ಏಕೆಂದರೆ ಅವರಿಗೂ ಅದು ಗೊತ್ತಿರಲಿಲ್ಲ. ಅವರು ನಿಯಮವನ್ನು ಬಾಯಿಪಾಠ ಮಾಡಿದ್ದರು, ಅಷ್ಟೇ.

ನಾನು ಕೆಟ್ಟ ಮನುಷ್ಯನಾಗಿದ್ದೆನೆಂದು ಇದನ್ನು ಹೇಳುತ್ತಿಲ್ಲ. ನನಗೆ ಎಂ.ಕಾಂ.ನಲ್ಲಿ ಪ್ರಥಮ ದರ್ಜೆಯಿತ್ತು, ವಿಷಯ ಗೊತ್ತಿತ್ತು. ಕಲಿಸುವುದು ಗೊತ್ತಿರಲಿಲ್ಲ. ಯಾರೂ ಕಲಿಸಿರಲಿಲ್ಲ, ಅದು ಬೇಕೆಂದು ಯಾರೂ ಕೇಳಿಯೂ ಇರಲಿಲ್ಲ. ನಮ್ಮ ವ್ಯವಸ್ಥೆಯ ವಿಪರ್ಯಾಸ ನೋಡಿ. ಒಂದನೇ ತರಗತಿಯ ಮಗುವಿಗೆ ಅಕ್ಷರ ಕಲಿಸಲು ಡಿ.ಎಡ್. ಬೇಕು. ಪ್ರೌಢಶಾಲೆಗೆ ಬಿ.ಎಡ್. ಬೇಕು. ಆಟೋ ಓಡಿಸುವವನಿಗೂ ಲೈಸೆನ್ಸ್ ಬೇಕು. ಆದರೆ ಪದವಿ ಕಾಲೇಜಿನಲ್ಲಿ, ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಕಲಿಸುವ ವಿದ್ಯೆಯ ಯಾವ ತರಬೇತಿಯೂ ಬೇಕಿಲ್ಲ. 1989ರಿಂದ ನೆಟ್ ಪರೀಕ್ಷೆ ಬಂದಿದೆ. ಅದರ ಮೊದಲ ಪತ್ರಿಕೆಯಲ್ಲಿ ಬೋಧನಾ ಸಾಮರ್ಥ್ಯ ಎಂಬ ಒಂದು ಭಾಗವಿದೆ, ನಿಜ. ಆದರೆ ಅದು ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆ. ಒಂದು ಬಾರಿಯೂ ವಿದ್ಯಾರ್ಥಿಗಳ ಮುಂದೆ ನಿಲ್ಲದವರು ಅದರಲ್ಲಿ ಪೂರ್ಣ ಅಂಕ ಪಡೆಯಬಹುದು.

ಈ ಕೊರತೆ ಸರಕಾರಕ್ಕೆ ತಿಳಿಯದ್ದೇನಲ್ಲ. ಹೊಸ ಅಧ್ಯಾಪಕರಿಗೆ ಪರಿಚಯಾತ್ಮಕ ತರಬೇತಿ ಬೇಕೆಂದು 1964-66ರ ಕೊಠಾರಿ ಆಯೋಗವೇ ಹೇಳಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ, 1987ರಿಂದ ಯುಜಿಸಿಯು ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ನಮ್ಮ ರಾಜ್ಯದಲ್ಲಿ ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಅವು ಬಂದವು. ಅಲಿಗಢ ಮತ್ತು ಜಾಮಿಯಾ ಮಿಲ್ಲಿಯಾದಲ್ಲೂ ಬಂದವು. ಹೊಸಬರಿಗೆ ನಾಲ್ಕು ವಾರಗಳ ಓರಿಯಂಟೇಶನ್, ಅನುಭವಿಗಳಿಗೆ ಮೂರು ವಾರಗಳ ರಿಫ್ರೆಶರ್ ಕೋರ್ಸ್ ಎಂಬ ಏರ್ಪಾಡು. ಮುಂದೆ ಇವುಗಳ ಹೆಸರು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಎಂದಾಯಿತು. 2023ರಲ್ಲಿ ಮತ್ತೊಮ್ಮೆ ಬದಲಾಗಿ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳಾದವು. ನಮ್ಮ ದೇಶದಲ್ಲಿ ನಾಮಫಲಕ ಬದಲಿಸುವುದು ಅತ್ಯಂತ ಸುಲಭದ ಸುಧಾರಣೆಯಾಗಿದೆ.

ನಾನೂ ಇಂತಹ ಒಂದು ಓರಿಯಂಟೇಶನ್‌ಗೆ ಹೋಗಿದ್ದೆ. ಯಾವ ಊರು ಎಂಬುದು ಮುಖ್ಯವಲ್ಲ. ನಾಲ್ಕು ವಾರ ದಿನಕ್ಕೆ ನಾಲ್ಕು ಉಪನ್ಯಾಸಗಳು. ಪರಿಸರದ ಬಗ್ಗೆ, ಭಾರತೀಯ ಸಂವಿಧಾನದ ಬಗ್ಗೆ, ಒತ್ತಡ ನಿರ್ವಹಣೆಯ ಬಗ್ಗೆ ಪಂಡಿತರು ಬಂದು ಮಾತನಾಡಿದರು. ಉಪನ್ಯಾಸ ಪದ್ಧತಿಯ ದೋಷಗಳು ಎಂಬ ವಿಷಯದ ಮೇಲೆ ಒಬ್ಬ ಹಿರಿಯರು ಒಂದೂವರೆ ಗಂಟೆ ಉಪನ್ಯಾಸ ನೀಡಿದರು. ಮಧ್ಯಾಹ್ನದ ಊಟದ ನಂತರದ ಅವಧಿಯಾದ್ದರಿಂದ ನಮ್ಮಲ್ಲಿ ಅನೇಕರು ಆ ದೋಷಗಳನ್ನು ನಿದ್ದೆಯಲ್ಲೇ ಅನುಭವಿಸಿದೆವು. ಕೊನೆಯ ದಿನ ಪ್ರಮಾಣಪತ್ರ ಸಿಕ್ಕಿತು. ಅದಿಲ್ಲದೆ ಬಡ್ತಿಯಿಲ್ಲ. ಇಲ್ಲಿಯೇ ರೋಗದ ಮೂಲವಿದೆ. ತರಬೇತಿಯು ಬಡ್ತಿಯ ಮೆಟ್ಟಿಲಾದಾಗ ಮೆಟ್ಟಿಲು ಹತ್ತಿದವನು ಮತ್ತೆ ಅದರ ಕಡೆಗೆ ತಿರುಗಿ ನೋಡುವುದಿಲ್ಲ.

ಅನ್ಯಾಯ ಮಾಡಬಾರದು. ಅದೇ ನಾಲ್ಕು ವಾರಗಳಲ್ಲಿ ಒಂದು ಮಧ್ಯಾಹ್ನ ನನ್ನನ್ನು ಬದಲಿಸಿತು. ಭೌತಶಾಸ್ತ್ರದ ಒಬ್ಬ ಅಧ್ಯಾಪಕರು ಬಂದು ಪಾಠ ಮಾಡದೆ ಒಂದು ಪ್ರಶ್ನೆ ಕೇಳಿದರು. ಲಾರಿಯೊಂದು ಮೊಪೆಡ್‌ಗೆ ಡಿಕ್ಕಿ ಹೊಡೆಯಿತು. ಲಾರಿ ಮೊಪೆಡ್‌ನ ಮೇಲೆ ಹಾಕಿದ ಬಲ ಹೆಚ್ಚೋ, ಮೊಪೆಡ್ ಲಾರಿಯ ಮೇಲೆ ಹಾಕಿದ ಬಲ ಹೆಚ್ಚೋ? ನಾವು ನಲವತ್ತು ಮಂದಿ ಸ್ನಾತಕೋತ್ತರ ಪದವೀಧರರಲ್ಲಿ ಬಹುತೇಕರು ಲಾರಿಗೆ ಕೈ ಎತ್ತಿದೆವು. ಕ್ರಿಯೆಗೆ ಪ್ರತಿಕ್ರಿಯೆ ಸಮಾನವೆಂಬ ನ್ಯೂಟನ್ನನ ನಿಯಮ ಎಲ್ಲರಿಗೂ ಬಾಯಿಪಾಠವಿತ್ತು. ಎರಡೂ ಬಲಗಳು ಸಮಾನ. ಹಗುರವಾದ ಮೊಪೆಡ್ ನಜ್ಜುಗುಜ್ಜಾಗುತ್ತದೆ, ಅದು ಬೇರೆ ಮಾತು. ಈ ಬಗೆಯ ಪ್ರಶ್ನೆಯ ಹಿಂದೆ ಒಂದು ಕಥೆಯಿದೆ ಎಂದು ಅವರು ಹೇಳಿದರು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಝೂರ್ ಎಂಬ ಭೌತಶಾಸ್ತ್ರ ಪ್ರಾಧ್ಯಾಪಕರಿದ್ದಾರೆ. 1984ರಿಂದ ಪಾಠ ಮಾಡುತ್ತಿದ್ದರು. ವಿದ್ಯಾರ್ಥಿಗಳು ಅವರ ಬೋಧನೆಗೆ ಒಳ್ಳೆಯ ಅಂಕ ಕೊಡುತ್ತಿದ್ದರು, ಕಠಿಣವಾದ ಲೆಕ್ಕಗಳನ್ನು ಬಿಡಿಸುತ್ತಿದ್ದರು. ತಾನು ಉತ್ತಮ ಅಧ್ಯಾಪಕನೆಂದು ಅವರು ನಂಬಿದ್ದರು. 1990ರಲ್ಲಿ ಒಂದು ಲೇಖನ ಓದಿದರು. ವರ್ಷವಿಡೀ ಪಾಠ ಕೇಳಿದ ಬಳಿಕವೂ ವಿದ್ಯಾರ್ಥಿಗಳ ಮೂಲ ತಪ್ಪು ಕಲ್ಪನೆಗಳು ಹಾಗೆಯೇ ಉಳಿಯುತ್ತವೆ ಎಂಬುದು ಅದರ ಸಾರ. ನಮ್ಮ ವಿದ್ಯಾರ್ಥಿಗಳು ಹಾಗಲ್ಲ ಎಂದುಕೊಂಡು ಅದೇ ಸರಳ ಪ್ರಶ್ನೆಗಳನ್ನು ತನ್ನ ತರಗತಿಗೂ ಕೊಟ್ಟರು. ಆಗ ಒಬ್ಬಳು ವಿದ್ಯಾರ್ಥಿನಿ, ಇವುಗಳಿಗೆ ನೀವು ಕಲಿಸಿದ ರೀತಿಯಲ್ಲಿ ಉತ್ತರಿಸಬೇಕೋ, ನಾನು ಸಹಜವಾಗಿ ಯೋಚಿಸುವ ರೀತಿಯಲ್ಲಿ ಉತ್ತರಿಸಬೇಕೋ ಎಂದು ಕೇಳಿದಳಂತೆ. ಆ ಪ್ರಶ್ನೆಯಿಂದ ಪ್ರಾಧ್ಯಾಪಕರ ಕಣ್ಣು ತೆರೆಯಿತು. ಅವರು ಆಕೆಯನ್ನು ನೋಡಿ ನಗಲಿಲ್ಲ ಎಂಬುದನ್ನು ಗಮನಿಸಿ.

ಅವರು ರೂಪಿಸಿದ ವಿಧಾನಕ್ಕೆ ಯಾವ ಯಂತ್ರವೂ ಬೇಕಿಲ್ಲ. ಹತ್ತು ನಿಮಿಷ ವಿಷಯ ಹೇಳಿ ಒಂದು ಪ್ರಶ್ನೆ ಹಾಕುವುದು. ಪ್ರತಿಯೊಬ್ಬರೂ ಒಂದೆರಡು ನಿಮಿಷ ತಾವೇ ಯೋಚಿಸಿ ಉತ್ತರ ಸೂಚಿಸುವುದು. ಬಹುತೇಕರ ಉತ್ತರ ಸರಿಯಿದ್ದರೆ ಮುಂದಕ್ಕೆ ಹೋಗುವುದು. ತೀರಾ ಕಡಿಮೆ ಮಂದಿಯದ್ದು ಸರಿಯಿದ್ದರೆ ಮತ್ತೊಮ್ಮೆ ವಿವರಿಸುವುದು. ಇವೆರಡರ ಮಧ್ಯದಲ್ಲಿದ್ದರೆ, ಪಕ್ಕದವರೊಂದಿಗೆ ವಾದಿಸಿ ಒಪ್ಪಿಸಿರಿ ಎಂದು ಬಿಟ್ಟುಬಿಡುವುದು. ಎರಡು ಮೂರು ನಿಮಿಷ ತರಗತಿ ಗದ್ದಲವಾಗುತ್ತದೆ. ಮತ್ತೆ ಕೈ ಎತ್ತಿಸಿದರೆ ಸರಿಯುತ್ತರದವರ ಸಂಖ್ಯೆ ಹೆಚ್ಚಿರುತ್ತದೆ. ಆಗ ತಾನೇ ಅರ್ಥ ಮಾಡಿಕೊಂಡವನಿಗೆ ಎಲ್ಲಿ ಎಡವಿದ್ದೆನೆಂಬುದು ನೆನಪಿರುತ್ತದೆ. ಮೂವತ್ತು ವರ್ಷಗಳ ಹಿಂದೆ ಅರ್ಥ ಮಾಡಿಕೊಂಡ ಪ್ರಾಧ್ಯಾಪಕನಿಗೆ ಅದು ಮರೆತಿರುತ್ತದೆ.

ನಾನು ಊರಿಗೆ ಮರಳಿ ಲೆಕ್ಕಶಾಸ್ತ್ರದಲ್ಲಿ ಇದನ್ನು ಪ್ರಯೋಗಿಸಿದೆ. ಸವಕಳಿಯ ಅಧ್ಯಾಯ ಮುಗಿದಿತ್ತು. ಬೇಕರಿಯವನೊಬ್ಬ ತನ್ನ ಓವನ್‌ಗೆ ಈ ವರ್ಷ 10,000 ರೂಪಾಯಿ ಸವಕಳಿ ಬರೆದ. ಇದರಿಂದ ಅವನ ಗಲ್ಲಾಪೆಟ್ಟಿಗೆಯಿಂದ ಈ ವರ್ಷ ಎಷ್ಟು ಹಣ ಹೊರಹೋಯಿತು ಎಂದು ಕೇಳಿದೆ. ತರಗತಿಯ ಮುಕ್ಕಾಲು ಭಾಗ ಹತ್ತು ಸಾವಿರವೆಂದಿತು. ಪರೀಕ್ಷೆಯಲ್ಲಿ ಸವಕಳಿಯ ಲೆಕ್ಕಕ್ಕೆ ಪೂರ್ಣ ಅಂಕ ಪಡೆಯುತ್ತಿದ್ದವರೂ ಹಾಗೆಯೇ ಹೇಳಿದರು. ಓವನ್ ಖರೀದಿಸಿದ ದಿನವೇ ಹಣ ಹೋಗಿದೆ, ಈಗ ಬಿಡಿಗಾಸೂ ಹೋಗಿಲ್ಲ ಎಂದು ಹಿಂದಿನ ಬೆಂಚಿನ ಒಬ್ಬ ಹುಡುಗ ಪಕ್ಕದವನಿಗೆ ವಿವರಿಸುತ್ತಿದ್ದ. ಅವನ ತಂದೆಗೆ ನಿಜವಾಗಿಯೂ ಬೇಕರಿಯಿತ್ತು. ಅದುವರೆಗೆ ನಾನು ಅವನನ್ನು ದಡ್ಡರ ಸಾಲಿಗೆ ಸೇರಿಸಿದ್ದೆ.

ಇದು ಒಬ್ಬಿಬ್ಬರ ಅನುಭವ ಮಾತ್ರವೆಂದು ತಿಳಿಯಬೇಡಿ. 2014ರಲ್ಲಿ ಅಮೆರಿಕದಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಬರಿಯ ಉಪನ್ಯಾಸ ಕೇಳಿದ ತರಗತಿಗಳಲ್ಲಿ ಅನುತ್ತೀರ್ಣರಾದವರು ಸುಮಾರು ಶೇ. 34. ವಿದ್ಯಾರ್ಥಿಗಳು ತಾವೇ ಯೋಚಿಸಿ, ಚರ್ಚಿಸಿ, ಬಿಡಿಸುವ ತರಗತಿಗಳಲ್ಲಿ ಸುಮಾರು ಶೇ. 22. ನೂರರಲ್ಲಿ ಹನ್ನೆರಡು ಮಂದಿ ಎಂದರೆ ನಮ್ಮ ಪಟ್ಟಣಗಳ ಲೆಕ್ಕದಲ್ಲಿ ಎಷ್ಟು ಮನೆಗಳು, ಎಷ್ಟು ಟಿ.ಸಿ.ಗಳು ಎಂದು ಯೋಚಿಸಿರಿ. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಹಿಂದುಳಿದ ಹಿನ್ನೆಲೆಯ ಮತ್ತು ಇತರ ವಿದ್ಯಾರ್ಥಿಗಳ ನಡುವಿನ ಅಂತರವೂ ಇಂತಹ ತರಗತಿಗಳಲ್ಲಿ ಕಡಿಮೆಯಾಗುತ್ತದೆಂದು ತೋರಿಸಿತು. ಆದರೆ ಆಗೊಮ್ಮೆ ಈಗೊಮ್ಮೆ ಮಾಡಿದರೆ ಆ ಪ್ರಯೋಜನ ಸಿಗಲಿಲ್ಲ. ತರಗತಿಯ ಬಹುಪಾಲು ಸಮಯವನ್ನು ಅದಕ್ಕೆ ಕೊಟ್ಟಲ್ಲಿ ಮಾತ್ರ ಸಿಕ್ಕಿತು. ಇದು ನಮಗೆ ಬಹಳ ಮುಖ್ಯ. ಮನೆಯಲ್ಲಿ ಓದಿದ ಅಣ್ಣ ಅಕ್ಕಂದಿರಿರುವ ಹುಡುಗನಿಗೆ ಪಾಠ ಅರ್ಥವಾಗದಿದ್ದರೂ ಮನೆಯಲ್ಲಿ ವಿಚಾರಿಸಿಕೊಳ್ಳುತ್ತಾನೆ, ಟ್ಯೂಷನ್‌ಗೆ ಹೋಗುತ್ತಾನೆ. ಸೈಕಲ್ ಅಂಗಡಿಯವರ ಮಗಳಿಗೆ ಇರುವುದು ತರಗತಿಯೊಂದೇ.

ದೇಶದ ಉನ್ನತ ಶಿಕ್ಷಣದ ಅಧಿಕೃತ ಸಮೀಕ್ಷೆಯ ಪ್ರಕಾರ 2019-20ರಲ್ಲಿ ಸುಮಾರು 21 ಲಕ್ಷವಿದ್ದ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ 2020-21ರಲ್ಲಿ 19.21 ಲಕ್ಷಕ್ಕೆ ಕುಸಿಯಿತು. ಮರುವರ್ಷ ಮತ್ತೆ 21 ಲಕ್ಷಕ್ಕೆ ಬಂತು. ಅವರಲ್ಲಿ ಸುಮಾರು ಅರ್ಧದಷ್ಟು ಹೆಣ್ಣುಮಕ್ಕಳು. ಈ ಅಂಕಿ ಅಂಶಗಳ ಮೇಲೆ ನಾವು ಬಹಳ ಚರ್ಚಿಸುತ್ತೇವೆ, ಸಂಪಾದಕೀಯಗಳನ್ನು ಬರೆಯುತ್ತೇವೆ. ಪ್ರವೇಶ ಪಡೆದವರಿಗೆ ತರಗತಿಯೊಳಗೆ ಏನಾಗುತ್ತದೆ ಎಂಬುದರ ಬಗ್ಗೆ ಚರ್ಚಿಸಿದ್ದು ನನಗೆ ನೆನಪಿಲ್ಲ.

ನಮ್ಮಲ್ಲಿ ಕೆಲವರಿಗೆ ಇದೆಲ್ಲ ಪಾಶ್ಚಾತ್ಯರಿಂದ ಬಂದ ಹೊಸ ಫ್ಯಾಶನ್ ಎನಿಸಬಹುದು. ಇಬ್ನು ಖಲ್ದೂನ್ 1377ರಲ್ಲಿ ಬರೆದ ಮುಖದ್ದಿಮಾದಲ್ಲಿ ಬೋಧನೆಯ ಕುರಿತೇ ಅಧ್ಯಾಯಗಳಿವೆ. ವಿಷಯವನ್ನು ಒಂದೇ ಬಾರಿಗೆ ಸುರಿಯದೆ, ಮೊದಲು ಸ್ಥೂಲವಾಗಿ, ಬಳಿಕ ವಿವರವಾಗಿ, ಕೊನೆಗೆ ಕ್ಲಿಷ್ಟ ಅಂಶಗಳೊಂದಿಗೆ ಹೀಗೆ ಮೂರು ಸುತ್ತುಗಳಲ್ಲಿ ಕಲಿಸಬೇಕೆಂದು ಅವರು ಹೇಳಿದರು. ತನ್ನ ಕಾಲದ ಮಗ್ರಿಬ್‌ನ ವಿದ್ಯಾರ್ಥಿಗಳನ್ನು ಕಂಡು ಅವರು ಮರುಗಿದ್ದಾರೆ. ಅವರು ವರ್ಷಗಟ್ಟಲೆ ವಿದ್ವತ್ಸಭೆಗಳಲ್ಲಿ ಮೌನವಾಗಿ ಕುಳಿತು ಕಂಠಪಾಠ ಮಾಡುತ್ತಾರೆ, ಮಾತನಾಡುವುದಿಲ್ಲ, ಚರ್ಚಿಸುವುದಿಲ್ಲ, ಆದ್ದರಿಂದ ಕೊನೆಗೂ ವಿದ್ಯೆ ಕೈವಶವಾಗುವುದಿಲ್ಲ ಎಂಬುದು ಅವರ ಕೊರಗು. ಕಠೋರತೆಯು ವಿದ್ಯಾರ್ಥಿಯ ಉತ್ಸಾಹವನ್ನು ಕೊಂದು ಸುಳ್ಳು ಹೇಳುವುದನ್ನು ಕಲಿಸುತ್ತದೆ ಎಂದೂ ಎಚ್ಚರಿಸಿದ್ದಾರೆ. ಇಮಾಮ್ ಗಝ್ಝಾಲಿಯವರು ಇಹ್ಯಾ ಉಲೂಮುದ್ದೀನ್‌ನಲ್ಲಿ ಅಧ್ಯಾಪಕನ ಕರ್ತವ್ಯಗಳನ್ನು ಎಣಿಸುವಾಗ ವಿದ್ಯಾರ್ಥಿಯ ಗ್ರಹಿಕೆಯ ಮಟ್ಟಕ್ಕೆ ತಕ್ಕಂತೆ ಕಲಿಸುವುದನ್ನೂ ಸೇರಿಸಿದ್ದಾರೆ. ನಮ್ಮ ಪೂರ್ವಜರ ಹೆಸರು ಹೇಳಿ ಹೆಮ್ಮೆ ಪಡುವ ನಾವು ಅವರು ಏನು ಬರೆದರೆಂದು ಓದುವುದಿಲ್ಲ.

ಹಾಗಾದರೆ ತರಬೇತಿ ಕೊಟ್ಟರೆ ಎಲ್ಲವೂ ಸರಿಯಾಗುವುದೇ? ಇಲ್ಲ. ಅಮೆರಿಕದಲ್ಲಿ ಜೀವಶಾಸ್ತ್ರ ಅಧ್ಯಾಪಕರಿಗೆ ಕಾರ್ಯಾಗಾರಗಳನ್ನು ನಡೆಸಿ, ಅವರು ಮರಳಿ ಹೋದ ಬಳಿಕ ಅವರ ತರಗತಿಗಳ ವೀಡಿಯೋಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ನಾವು ಪಾಠದ ರೀತಿ ಬದಲಿಸಿದ್ದೇವೆ ಎಂದು ಶೇ. 89 ಮಂದಿ ಹೇಳಿದ್ದರು. ವೀಡಿಯೋ ನೋಡಿದರೆ ಶೇ. 75 ಮಂದಿ ಹಳೆಯ ಉಪನ್ಯಾಸವನ್ನೇ ಮಾಡುತ್ತಿದ್ದರು. ಅವರು ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ಕಾರ್ಯಾಗಾರದಲ್ಲಿ ಕೇಳಿದ್ದು ತರಗತಿಯಲ್ಲಿ ಕೈಗೆ ಬರಬೇಕಾದರೆ ಪಕ್ಕದಲ್ಲಿ ಒಬ್ಬರು ನಿಂತು ತಿದ್ದಬೇಕು. ಹೊಲಿಗೆ ಕಲಿಯುವ ಹುಡುಗ ಉಸ್ತಾದರ ಪಕ್ಕದಲ್ಲಿ ಎರಡು ವರ್ಷ ಕುಳಿತುಕೊಳ್ಳುತ್ತಾನೆ. ನಾವು ಅಧ್ಯಾಪಕರು ಮಾತ್ರ ತರಗತಿಯ ಬಾಗಿಲು ಮುಚ್ಚಿಕೊಂಡು ಒಂಟಿಯಾಗಿ ನಿವೃತ್ತಿಯ ತನಕ ಅದೇ ತಪ್ಪನ್ನು ಮಾಡುತ್ತಿರುತ್ತೇವೆ. ನನ್ನ ಸೇವೆಯ ಅಷ್ಟೂ ವರ್ಷಗಳಲ್ಲಿ ಇನ್ನೊಬ್ಬ ಅಧ್ಯಾಪಕರು ನನ್ನ ತರಗತಿಯಲ್ಲಿ ಕುಳಿತು ಪಾಠ ಕೇಳಿದ್ದು ಎರಡೇ ಬಾರಿ. ಎರಡೂ ಬಾರಿ ನ್ಯಾಕ್ ತಂಡ ಬರುವುದಿತ್ತು.

ಇನ್ನು ಅತಿಥಿ ಉಪನ್ಯಾಸಕರ ವಿಷಯ. ಇದನ್ನು ಹೇಳದೆ ಹೋದರೆ ನನ್ನ ಮಾತು ಬೂಟಾಟಿಕೆಯಾಗುತ್ತದೆ. ರಾಜ್ಯದ ನಾನೂರಕ್ಕೂ ಹೆಚ್ಚು ಸರಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ವರ್ಷಗಳಿಂದ ಹೊತ್ತುಕೊಂಡು ಬಂದಿರುವವರು ಹತ್ತು ಸಾವಿರಕ್ಕೂ ಅಧಿಕ ಅತಿಥಿ ಉಪನ್ಯಾಸಕರು. 2023ರ ಕೊನೆಯಲ್ಲಿ ಅವರು ಸೇವಾ ಖಾಯಮಾತಿಗಾಗಿ ತರಗತಿ ಬಹಿಷ್ಕರಿಸಿ ಬೀದಿಗಿಳಿದುದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಸ್ಟಾಫ್ ಕಾಲೇಜುಗಳ ನಿಯಮಾವಳಿಯಲ್ಲಿ ಮೂರು ಶೈಕ್ಷಣಿಕ ವರ್ಷ ಪಾಠ ಮಾಡಿದ ತಾತ್ಕಾಲಿಕ ಅಧ್ಯಾಪಕರಿಗೂ ಅವಕಾಶವಿತ್ತು. ಆದರೆ ತಿಂಗಳುಗಟ್ಟಲೆ ರಜೆ ಕೊಡುವವರು ಯಾರು? ಆ ದಿನಗಳ ಸಂಬಳ ಕೊಡುವವರು ಯಾರು? ಮುಂದಿನ ವರ್ಷ ಕೆಲಸವಿರುವುದೋ ಇಲ್ಲವೋ ಎಂಬ ಚಿಂತೆಯಲ್ಲಿರುವವರಿಗೆ ಹೊಸ ಬೋಧನಾ ವಿಧಾನ ಕಲಿಯಿರಿ ಎಂದು ಉಪದೇಶಿಸುವುದು ನ್ಯಾಯವಲ್ಲ. ಸರಕಾರಗಳು ಬದಲಾದವು. 2021ರಲ್ಲಿ ನಾಲ್ಕು ವರ್ಷದ ಪದವಿ ತಂದರು, 2024ರಲ್ಲಿ ಪುನಃ ಮೂರು ವರ್ಷಕ್ಕೆ ಇಳಿಸಿದರು. ಪಠ್ಯ ಬದಲಾಯಿತು, ಸೆಮಿಸ್ಟರ್ ಬದಲಾಯಿತು. ತರಗತಿಯಲ್ಲಿ ನಿಂತಿರುವ ವ್ಯಕ್ತಿಯ ಬಗ್ಗೆ ಯೋಚಿಸಲು ಯಾರಿಗೂ ಪುರುಸೊತ್ತಾಗಲಿಲ್ಲ.

ಸರಕಾರವನ್ನು ಟೀಕಿಸಿ ಕೈ ತೊಳೆದುಕೊಳ್ಳುವಂತೆಯೂ ಇಲ್ಲ. 1919ರಲ್ಲಿ ಭಟ್ಕಳದಲ್ಲಿ ಅಂಜುಮನ್ ಕಟ್ಟಿದವರು, 1966ರಲ್ಲಿ ಬೆಂಗಳೂರಿನಲ್ಲಿ ಅಲ್ ಅಮೀನ್ ಚಳವಳಿಗೆ ನಾಂದಿ ಹಾಡಿದ ಡಾ. ಮುಮ್ತಾಝ್ ಅಹ್ಮದ್ ಖಾನ್‌ರಂತಹವರು ನಮಗೆ ಸಂಸ್ಥೆಗಳನ್ನು ಕೊಟ್ಟರು. ಅದರ ನಂತರ ನಾವೂ ಬಹಳಷ್ಟು ಕಾಲೇಜುಗಳನ್ನು ಕಟ್ಟಿದೆವು. ನಾನು ಆಡಳಿತ ಮಂಡಳಿಗಳ ಸಭೆಗಳಲ್ಲಿ ಕುಳಿತವನು. ಗೇಟಿನ ಕಮಾನಿಗೆ, ಅಮೃತಶಿಲೆಗೆ, ಉದ್ಘಾಟನಾ ಸಮಾರಂಭಕ್ಕೆ ಎಷ್ಟು ಹಣ ಎಂದು ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಅಧ್ಯಾಪಕರ ತರಬೇತಿಗೆಂದು ಒಂದು ರೂಪಾಯಿಯ ಪ್ರಸ್ತಾಪವನ್ನೂ ನಾನು ಕೇಳಲಿಲ್ಲ. ಕಡಿಮೆ ಸಂಬಳಕ್ಕೆ ಯಾರು ಬರುತ್ತಾರೋ ಅವರೇ ಉತ್ತಮ ಅಧ್ಯಾಪಕರು ಎಂಬುದು ಅಲ್ಲಿನ ಅಲಿಖಿತ ನಿಯಮ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯ 1962ರಲ್ಲೇ ಅಧ್ಯಾಪಕರ ಬೋಧನೆಯನ್ನು ಸುಧಾರಿಸಲೆಂದೇ ಒಂದು ಕೇಂದ್ರವನ್ನು ತೆರೆಯಿತು. ನಮಗೆ ಅಷ್ಟು ದೊಡ್ಡ ಕೇಂದ್ರ ಬೇಡ. ವಾರಕ್ಕೊಮ್ಮೆ ಇಬ್ಬರು ಅಧ್ಯಾಪಕರು ಪರಸ್ಪರರ ತರಗತಿಯಲ್ಲಿ ಕುಳಿತು, ಬಳಿಕ ಚಹಾ ಕುಡಿಯುತ್ತಾ ಏನು ಸರಿ, ಏನು ತಪ್ಪು ಎಂದು ಮಾತನಾಡುವುದಕ್ಕೆ ಚಹಾದ ಖರ್ಚು ಮಾತ್ರ.

ಹೆತ್ತವರಲ್ಲೂ ಒಂದು ಮನವಿಯಿದೆ. ನಮ್ಮ ಸರ್ ನೋಟ್ಸ್ ಕೊಡುವುದಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ ಎಂದು ಮಕ್ಕಳು ಮನೆಯಲ್ಲಿ ದೂರುತ್ತಾರೆ. ನೀವು ಪ್ರಾಂಶುಪಾಲರ ಬಳಿ ಬಂದು ಜಗಳವಾಡುತ್ತೀರಿ. ನನ್ನ ಮೇಲೂ ಅಂತಹ ದೂರು ಹೋಗಿತ್ತು. 2019ರಲ್ಲಿ ಹಾರ್ವರ್ಡ್‌ನಲ್ಲೇ ನಡೆದ ಅಧ್ಯಯನವೊಂದರಲ್ಲಿ ತಾವೇ ಲೆಕ್ಕ ಬಿಡಿಸಿ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಆದರೆ ಹೆಚ್ಚು ಕಲಿತೆವೆಂದು ಹೇಳಿದವರು ಸೊಗಸಾದ ಉಪನ್ಯಾಸ ಕೇಳಿದವರು. ಯೋಚಿಸುವುದು ಕಷ್ಟ, ಕಷ್ಟವಾದಾಗ ನಮಗೆ ಏನೂ ಬರುತ್ತಿಲ್ಲ ಎನಿಸುತ್ತದೆ. ಆದ್ದರಿಂದ ದೂರು ಕೊಡುವ ಮುನ್ನ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿ, ಇಂದು ತರಗತಿಯಲ್ಲಿ ನೀನು ಯಾವ ಪ್ರಶ್ನೆ ಕೇಳಿದೆ ಎಂದು ವಿಚಾರಿಸಿರಿ. ಕಾಲೇಜಿಗೆ ಸೇರಿಸುವಾಗ ಕಟ್ಟಡ, ಬಸ್ಸು, ಶುಲ್ಕ ಎಲ್ಲವನ್ನೂ ವಿಚಾರಿಸುತ್ತೀರಿ. ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದ ಮಗುವಿಗೆ ಮೊದಲ ಸೆಮಿಸ್ಟರಿನಲ್ಲಿ ಇಲ್ಲಿ ಏನು ಸಹಾಯ ಸಿಗುತ್ತದೆ ಎಂದೂ ಕೇಳಿರಿ. ಹತ್ತು ಮಂದಿ ಹೆತ್ತವರು ಕೇಳಿದರೆ ಹನ್ನೊಂದನೆಯವರು ಬರುವ ಮುನ್ನ ಉತ್ತರವನ್ನು ಸಿದ್ಧಪಡಿಸಲು ಆಡಳಿತ ಮಂಡಳಿ ಓಡಾಡುತ್ತದೆ.

ಆ ಹುಡುಗಿಯನ್ನು ನಾನು ಮತ್ತೆ ನೋಡಲಿಲ್ಲ. ಆಕೆಯ ತಂದೆ ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಜನಾಝಾಕ್ಕೆ ಹೋಗಿದ್ದೆ, ಅವರ ಮೊಮ್ಮಗಳು ಬಿ.ಕಾಂ. ಓದುತ್ತಿದ್ದಾಳೆಂದು ಯಾರೋ ಹೇಳಿದರು. ಆ ಕಾಲೇಜಿನ ಅಧ್ಯಾಪಕರು ಯಾರೆಂದು ನಾನು ಕೇಳಿದೆ, ಅವರಿಗೆ ಗೊತ್ತಿರಲಿಲ್ಲ.

ಊಟದ ಬಳಿಕದ ಅವಧಿಯಲ್ಲಿ ಉಪನ್ಯಾಸವಿಲ್ಲ. ಇಬ್ಬರು ಯುವ ಅಧ್ಯಾಪಕರು ಇಲ್ಲಿಯೇ ಒಂದು ಪಾಠ ಮಾಡಿ ತೋರಿಸಲಿದ್ದಾರೆ, ನಾವೆಲ್ಲರೂ ವಿದ್ಯಾರ್ಥಿಗಳು. ಬಾಗಿಲ ಬಳಿ ಚಿಕ್ಕ ಚೀಟಿಗಳನ್ನು ಇರಿಸಿದ್ದಾರೆ. ನನ್ನ ಈ ಮಾತುಗಳಲ್ಲಿ ನಿಮಗೆ ಅರ್ಥವಾಗದೇ ಉಳಿದುದನ್ನು ಒಂದೇ ವಾಕ್ಯದಲ್ಲಿ ಬರೆದು ಪೆಟ್ಟಿಗೆಗೆ ಹಾಕಿರಿ, ಹೆಸರು ಬೇಡ. ಮೂರು ಗಂಟೆಗೆ ಅವುಗಳನ್ನು ತೆರೆದು ಅಲ್ಲಿಂದಲೇ ಶುರು ಮಾಡೋಣ.